ಕೇಳಲು ಬಂದವಳು

"ಗುರುಗಳೇ, ನನ್ನ ಕೈಕೆಳಗೆ ದುಡಿಯುವವರ ಕಷ್ಟಸುಖವನ್ನೆಲ್ಲ ನಾನು ವಿಚಾರಿಸುತ್ತೇನೆ. ಯಾರ ಮಗುವಿಗೆ ಜ್ವರ, ಯಾರ ಮನೆಯಲ್ಲಿ ಜಗಳ, ಎಲ್ಲ ನನಗೆ ಗೊತ್ತು. ಆದರೂ ಅವರು ನನ್ನನ್ನು ತಮ್ಮವನೆಂದು ಎಣಿಸುವುದಿಲ್ಲ. ನಾನು ಒಳಗೆ ಕಾಲಿಟ್ಟರೆ ಸಾಕು, ನಗು ನಿಲ್ಲುತ್ತದೆ. ಯಾಕೆ ಹೀಗೆ?"

ಕೇಳಿದವನು ಗುರುಪಾದ. ಮನೆ ಬಿಟ್ಟು ಬಂದು ಮಠ ಸೇರಿದವನು, ದಾಸೋಹದ ಅಡುಗೆಮನೆಯ ಉಸ್ತುವಾರಿ ಅವನದು. ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ವಾರಿಜಾ ಎಂಬ ಒಬ್ಬ ಅಧ್ಯಾಪಕಿ ಇದ್ದಳು. ಒಂದು ಸೂರಿನಡಿ ದುಡಿಯುವ ಜನ ಹೇಗೆ ಕೂಡಿಕೊಳ್ಳುತ್ತಾರೆ, ಹೇಗೆ ಮುರಿದುಕೊಳ್ಳುತ್ತಾರೆ ಎಂಬುದು ಅವಳ ಶಾಸ್ತ್ರ. ಕಾರ್ಖಾನೆ, ಕಚೇರಿ, ಆಸ್ಪತ್ರೆ, ಎಲ್ಲ ಕಡೆಯ ಯಜಮಾನರಿಗೂ ಬೇಕಾದ ಶಾಸ್ತ್ರ ಅದು. ಅವಳನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಕೆಲವು ಕಡೆ ಒಳ್ಳೆಯ ಸಂಬಳ ಕೊಟ್ಟರೂ ಜನ ನಿಲ್ಲುವುದಿಲ್ಲ. ಕೆಲವು ಕಡೆ ಎಷ್ಟೇ ಕಷ್ಟವಿದ್ದರೂ ಬಿಟ್ಟು ಹೋಗುವುದಿಲ್ಲ. ಅವರನ್ನು ಹಿಡಿದಿಡುವುದು ಏನು?

ಕರಾವಳಿಯಲ್ಲಿ, ಹೊಳೆಯ ದಡದಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿಯ ಹೆಂಗಸರು ಅಚ್ಚಿನಿಂದ ಬಂದ ಹಸಿ ಹೆಂಚುಗಳನ್ನು ಹೊತ್ತು, ಚಪ್ಪರದಡಿ ಒಣಗಲು ಜೋಡಿಸುತ್ತಿದ್ದರು. ಸೊಂಟ ಬಿದ್ದುಹೋಗುವಂಥ ಕೆಲಸ. ಆಚೆ ದಡದಲ್ಲಿ ಗೇರುಬೀಜದ ಕಾರ್ಖಾನೆ ಬಂತು. ಕೂತು ಮಾಡುವ ಕೆಲಸ, ಕೂಲಿಯೂ ಹೆಚ್ಚು. ದೋಣಿ ದಾಟಿದರೆ ಮುಗಿಯಿತು. ಆದರೂ ಈ ಹೆಂಗಸರಲ್ಲಿ ಒಬ್ಬಳೂ ದಾಟಲಿಲ್ಲ. ವಾರಿಜಾ ಅದರ ಕಾರಣ ತಿಳಿಯಲು ಅಲ್ಲಿಗೆ ಹೊರಟಳು.

ಹೊರಡುವ ಮುಂಚೆ ಅವಳ ಮೇಷ್ಟ್ರು ಒಂದು ಮಾತು ಹೇಳಿದರು. "ನೋಡು, ಕೇಳು. ನಿನ್ನದೇನನ್ನೂ ಹೇಳಬೇಡ. ನೀನು ಬಾಯಿಬಿಟ್ಟರೆ ಅವರು ನಿನಗೆ ಇಷ್ಟವಾಗುವಂಥ ಉತ್ತರ ಕೊಡಲು ಶುರು ಮಾಡುತ್ತಾರೆ. ಅಲ್ಲಿಗೆ ನಿನ್ನ ಸಂಶೋಧನೆ ಕೆಟ್ಟಿತು." ಅವಳು ಆ ಮಾತನ್ನು ವ್ರತದ ಹಾಗೆ ಹಿಡಿದಳು.

ಹೆಂಗಸರ ಸಾಲಿಗೆ ಹಿರಿಯಳು ಸೇಸಮ್ಮ. ಅವಳು ಒಪ್ಪಿದ ಮೇಲೆ ಉಳಿದವರೂ ಬಾಯಿ ಬಿಚ್ಚಿದರು. ವಾರಿಜಾ ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಗಂಡ ಕುಡಿದು ಬಂದು ಹೊಡೆದದ್ದು, ಕೂಸು ಹುಟ್ಟಿ ಸತ್ತದ್ದು, ಮೇಸ್ತ್ರಿ ಬೈದದ್ದು, ಒಬ್ಬಳಿಗೆ ಮೈಯಲ್ಲಿ ಹುಷಾರಿಲ್ಲದ ದಿನ ಉಳಿದವರು ಅವಳ ಪಾಲಿನ ಹೆಂಚನ್ನೂ ಹೊತ್ತು ಮೇಸ್ತ್ರಿಗೆ ಗೊತ್ತಾಗದ ಹಾಗೆ ನೋಡಿಕೊಂಡದ್ದು. ಯಾವುದನ್ನೂ ಮುಚ್ಚಿಡಲಿಲ್ಲ.

ಮಧ್ಯಾಹ್ನ ಸೈರನ್ ಕೂಗಿದರೆ ಅವರೆಲ್ಲ ಚಪ್ಪರದ ನೆಲದ ಮೇಲೆ ದುಂಡಗೆ ಕೂರುತ್ತಿದ್ದರು. ಗಂಜಿ, ಚಟ್ನಿ, ಉಪ್ಪಿನಕಾಯಿ ಕೈಯಿಂದ ಕೈಗೆ ದಾಟುತ್ತಿದ್ದವು. ಮೊದಲ ದಿನ ಸೇಸಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬನ್ನಿ ಟೀಚರೇ" ಎಂದು ಕರೆದಳು. ವಾರಿಜಾಳಿಗೆ ಹೋಗುವ ಆಸೆಯಾಯಿತು. ಆದರೆ ಒಟ್ಟಿಗೆ ಕೂತು ಉಂಡರೆ ಅವರೂ ತನ್ನದನ್ನು ಕೇಳುತ್ತಾರೆ. "ನಾನು ತಂದಿದ್ದೇನೆ" ಎಂದು ದೂರದ ಕಲ್ಲಿನ ಮೇಲೆ ಕೂತು ಉಂಡಳು. ಕೆಲವು ದಿನ ಅವರು ಕರೆದರು. ಆಮೇಲೆ ಕರೆಯುವುದನ್ನು ಬಿಟ್ಟರು. ಅವಳಿಗೆ ಅದು ಇಷ್ಟವಿಲ್ಲವೆಂದು ತಿಳಿದು, ಗೌರವದಿಂದಲೇ ಬಿಟ್ಟರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕಾರ್ಖಾನೆಯ ಆಫೀಸಿಗೆ ಅವಳ ಅಣ್ಣ ಫೋನು ಮಾಡಿದ. ಅವಳ ತಾಯಿ ತೀರಿಕೊಂಡಿದ್ದಳು. ವಾರಿಜಾ ಯಾರಿಗೂ ಹೇಳದೆ ಹೊರಟಳು. ಕಾರ್ಯಗಳೆಲ್ಲ ಮುಗಿದ ಮೇಲೆ ಮರಳಿ ಬಂದಳು. ಬಂದವಳನ್ನು ಕಂಡು ಸೇಸಮ್ಮ ತಲೆಯ ಮೇಲಿನ ಹೆಂಚಿನ ಹಲಗೆ ಇಳಿಸಿ ಹತ್ತಿರ ಬಂದಳು.

"ಎಂತ ಆಯಿತು ಟೀಚರೇ? ಮುಖ ಬಾಡಿದೆಯಲ್ಲ."

ವಾರಿಜಾ ಹೇಳಲು ಹೊರಟಳು. ಅಷ್ಟರಲ್ಲಿ ಮೇಷ್ಟ್ರ ಮಾತು ನೆನಪಾಯಿತು. ಅದರ ಹಿಂದೆ ಒಂದು ಅಂಜಿಕೆಯೂ ಇತ್ತು. ಒಮ್ಮೆ ಇವರ ಮುಂದೆ ಅತ್ತರೆ ಮತ್ತೆ ಇವರನ್ನು ಪ್ರಶ್ನೆ ಕೇಳುವುದು ಹೇಗೆ?

"ಏನಿಲ್ಲ, ಸ್ವಲ್ಪ ತಲೆನೋವು. ಅವತ್ತು ಆ ಮೇಸ್ತ್ರಿಯ ವಿಷಯ ಹೇಳುತ್ತಿದ್ದಿರಲ್ಲ, ಮುಂದೆ ಏನಾಯಿತು?"

ಸೇಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮುಂದೇನಾಯಿತು ಎಂಬುದನ್ನು ಹೇಳಿದಳು.

ಸಂಶೋಧನೆ ಮುಗಿಯಿತು. ವಾರಿಜಾ ಉತ್ತರ ಕಂಡುಕೊಂಡಿದ್ದಳು. ಜನ ಕೂಲಿಗಾಗಿ ಬರುತ್ತಾರೆ, ತಮ್ಮ ದುಃಖ ಗೊತ್ತಿರುವವರ ನಡುವೆ ಉಳಿಯುತ್ತಾರೆ. ಅವಳು ಬರೆದದ್ದನ್ನು ಬಲ್ಲವರು ಮೆಚ್ಚಿದರು. ದೊಡ್ಡ ದೊಡ್ಡ ಸಭೆಗಳಿಗೆ ಕರೆದರು. ಕೊನೆಗೆ ಅವಳು ತನ್ನ ವಿಭಾಗಕ್ಕೇ ಮುಖ್ಯಸ್ಥೆಯಾದಳು.

ಆ ವಿಭಾಗದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಊಟದ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎದುರುಬದುರಾದರೆ ನಮಸ್ಕಾರ, ಪಾಠದ ಮಾತು, ಅಷ್ಟೇ. ವಾರಿಜಾ ಡಬ್ಬಿ ಬಿಚ್ಚಿ ಮೇಜಿನ ಮುಂದೆ ಕೂತರೆ ಆ ಚಪ್ಪರ ಕಣ್ಣ ಮುಂದೆ ಬರುತ್ತಿತ್ತು. ಸೇಸಮ್ಮ ಸರಿದು ಮಾಡಿಕೊಟ್ಟ ಆ ಜಾಗ ಬರುತ್ತಿತ್ತು. ತರಗತಿಯಲ್ಲಿ ಅದನ್ನೇ ಪಾಠ ಮಾಡುತ್ತಿದ್ದಳು. ಪಾಠ ಮಾಡುವಾಗ ಆಸೆ ಇನ್ನೂ ಹೆಚ್ಚುತ್ತಿತ್ತು. ತಾಯಿಯ ತಿಥಿಯ ದಿನವೂ ಎಂದಿನಂತೆ ಕೆಲಸಕ್ಕೆ ಬರುತ್ತಿದ್ದಳು. ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗಬೇಕು, ಒಮ್ಮೆ ಅಲ್ಲಿಗೆ ಹೋಗಿ ಬರಬೇಕು ಎಂದುಕೊಳ್ಳುತ್ತಲೇ ಅವಳ ತಲೆ ನೆರೆಯಿತು.

ಕಡೆಗೊಮ್ಮೆ ಹೋದಳು. ತಾಯಿಯ ತಿಥಿಯ ದಿನವೇ ಹೋದಳು. ತಾರಸಿ ಮನೆಗಳು ಬಂದು ಹೆಂಚಿಗೆ ಗಿರಾಕಿ ಕಡಿಮೆಯಾಗಿತ್ತು. ಚಪ್ಪರ ಅರ್ಧ ಖಾಲಿ. ಹಳಬರಲ್ಲಿ ಉಳಿದವರು ಸೇಸಮ್ಮ ಮತ್ತು ಗಿರಿಜೆ ಮಾತ್ರ. ಸೇಸಮ್ಮನಿಗೆ ಈಗ ಹೊರುವ ಕೆಲಸವಿಲ್ಲ. ಒಡಕು ಹೆಂಚು ಬೇರೆ ಮಾಡುತ್ತಾ ಕೂತಿದ್ದಳು. ವಾರಿಜಾಳನ್ನು ಕಂಡದ್ದೇ ಗುರುತು ಹಿಡಿದಳು.

"ಅಯ್ಯೋ, ನಮ್ಮ ಟೀಚರಲ್ಲವಾ!"

ಊಟದ ಹೊತ್ತು. ಎಲ್ಲರೂ ದುಂಡಗೆ ಕೂತರು. ಸೇಸಮ್ಮ ಓಡಾಡಿ ಆಫೀಸಿನಿಂದ ಒಂದು ಕುರ್ಚಿ ತರಿಸಿ, ಒರೆಸಿ, ಸಾಲಿನಿಂದ ದೂರಕ್ಕೆ ಹಾಕಿಸಿದಳು. "ಇವರಿಗೆ ದೂರ ಕೂತರೇ ಸರಿ" ಎಂದು ಹೊಸಬರಿಗೆ ತಿಳಿಹೇಳಿದಳು. ಪ್ರೀತಿಯಿಂದಲೇ ಹೇಳಿದಳು. ಆಮೇಲೆ ತನ್ನ ಜಾಗದಲ್ಲಿ ಕೂತು, "ಕೇಳಿ ಟೀಚರೇ, ಈ ಸಲ ಏನೆಲ್ಲ ಹೇಳಬೇಕು?" ಎಂದಳು.

ವಾರಿಜಾಳ ಹತ್ತಿರ ಪ್ರಶ್ನೆ ಇರಲಿಲ್ಲ. ಕುರ್ಚಿಯಿಂದ ಎದ್ದು ಹೋಗಿ ಸೇಸಮ್ಮನ ಎದುರು ನೆಲದ ಮೇಲೆ ಕುಕ್ಕರಿಸಿದಳು.

"ಸೇಸಕ್ಕ, ನಾನು ಇಲ್ಲಿದ್ದಾಗ ನಮ್ಮಮ್ಮ ಹೋಗಿಬಿಟ್ಟಳು. ಇವತ್ತು ಅವಳ ತಿಥಿ."

ಸೇಸಮ್ಮನ ಕೈ ಅನ್ನದಲ್ಲೇ ನಿಂತಿತು.

"ಗೊತ್ತು ಟೀಚರೇ. ಫೋನು ಬಂದದ್ದನ್ನು ಮೇಸ್ತ್ರಿ ಅವತ್ತೇ ಹೇಳಿದ್ದ. ಕಾರ್ಯದ ದಿನ ಲೆಕ್ಕ ಹಾಕಿ, ನೀವು ಮರಳಿ ಬರುವ ದಿನ ನಿಮ್ಮ ದುಃಖಕ್ಕೆಂದು ನಾವು ಯಾರೂ ಗಂಜಿ ತಂದಿರಲಿಲ್ಲ. ನೀವು ಹೇಳುತ್ತೀರಿ, ನಿಮ್ಮನ್ನು ನಡುವೆ ಕೂರಿಸಿಕೊಂಡು ಸಮಾಧಾನ ಮಾಡಿ, ಆಮೇಲೆ ಏನಾದರೂ ತರಿಸೋಣ ಎಂದಿದ್ದೆವು. ನೀವು ಮೇಸ್ತ್ರಿಯ ವಿಷಯ ಕೇಳಿದಿರಿ."

ವಾರಿಜಾಳಿಗೆ ಆ ಮಧ್ಯಾಹ್ನ ನೆನಪಾಯಿತು. ಅವತ್ತು ಅವಳು ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದಳು. ಇವರು ಉಂಡರೋ ಇಲ್ಲವೋ ಎಂದು ತಿರುಗಿ ನೋಡಿರಲಿಲ್ಲ.

"ನೀವೇ ಕೇಳಬಹುದಿತ್ತಲ್ಲ, ಸೇಸಕ್ಕ."

"ಕೇಳಿದೆನಲ್ಲ ಟೀಚರೇ. ತಲೆನೋವು ಎಂದಿರಿ. ಹೇಳಲು ಮನಸ್ಸಿಲ್ಲದವರನ್ನು ಎಷ್ಟು ಸಲ ಕೇಳುವುದು?"

ಅಷ್ಟರಲ್ಲಿ ಸೈರನ್ ಕೂಗಿತು. ಹೆಂಗಸರು ಕೈ ತೊಳೆದು ಎದ್ದರು. ಹೊಸಬರಿಗೆ ಯಾರು ಸತ್ತರೆಂದು ಸರಿಯಾಗಿ ತಿಳಿಯಲೂ ಇಲ್ಲ. ಗಿರಿಜೆ ಅವಳ ಹೆಗಲು ಮುಟ್ಟಿ ಹೋದಳು. ಸೇಸಮ್ಮನೂ ಹೋಗಬೇಕಿತ್ತು. "ಅವತ್ತಾದರೆ ನಿಮ್ಮ ಜೊತೆ ನಾವೂ ಅಳುತ್ತಿದ್ದೆವು" ಎಂದಳು. ಮೊಣಕಾಲಿಗೆ ಕೈಯೂರಿ ಎದ್ದು ತನ್ನ ಒಡಕು ಹೆಂಚಿನ ರಾಶಿಯ ಕಡೆ ನಡೆದಳು. ವಾರಿಜಾ ಖಾಲಿಯಾದ ಆ ನೆಲದ ಮೇಲೆ ಸಂಜೆಯ ಬಸ್ಸಿನ ತನಕ ಕೂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ನಿಟ್ಟುಸಿರು ಬಿಟ್ಟ. "ಪಾಪ. ಅವರು ಅಷ್ಟು ಕಾದಿದ್ದರು. ಅವಳು ಅವತ್ತೇ ಹೇಳಿಕೊಂಡಿದ್ದರೆ ಆಗುತ್ತಿತ್ತು" ಎಂದ.

"ನೀನು ಯಾಕೆ ಮನೆ ಬಿಟ್ಟು ಬಂದೆ ಎಂದು ನನಗೂ ಇನ್ನೂ ಹೇಳಿಲ್ಲವಲ್ಲ, ಗುರುಪಾದ" ಎಂದರು ಗುರುಗಳು.