ಶೆಟ್ಟರ ನಾಣ್ಯ ಯಾವುದು?

ಹೂ ಮಾರುವ ಪುಟ್ಟಗೌರಮ್ಮನಿಗೆ ನಿಂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮಗಳಿಗೆಂದು ಗೊತ್ತು ಮಾಡಿದ್ದ ಹೊಲಿಗೆ ಯಂತ್ರವನ್ನು ಮಧ್ಯಾಹ್ನದೊಳಗೆ ದುಡ್ಡು ಕೊಟ್ಟು ತರದಿದ್ದರೆ ಅದು ಬೇರೆಯವರ ಪಾಲು. ಅಜ್ಜಿಯ ಬೆಳ್ಳಿ ರೂಪಾಯಿಯನ್ನು ತಂದು ಬೆಳ್ಳಿ ಅಂಗಡಿಯ ನಾಗಭೂಷಣ ಶೆಟ್ಟರ ಮುಂದಿಟ್ಟಳು.

ಶೆಟ್ಟರು ಮೂಗು ಮುರಿದರು. “ಸವಕಲು ನಾಣ್ಯ. ಮೇಲೆ ಕಪ್ಪು ಬೇರೆ ಹಿಡಿದಿದೆ. ತೂಕದ ಬೆಲೆ ಕೊಡ್ತೀನಿ, ಅಷ್ಟೇ.”

ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಅಂಥದ್ದೇ ಒಂದು ಮಲಗಿತ್ತು. “ಅದೆಷ್ಟು ಶೆಟ್ರೇ?”

“ಅದಾ! ಅದು ಆಂಟಿಕ್ ಕಣಮ್ಮ. ಸವೆದಿರೋದು ನಾಲ್ಕು ತಲೆಮಾರು ಕೈಯಾಡಿದ ಗುರುತು. ಆ ಕಪ್ಪಿಗೆ ಪಟಿನಾ ಅಂತಾರೆ. ಹತ್ತು ಪಟ್ಟು ಬೆಲೆ!”

“ಒಂದ್ಸಲ ಕೈಯಲ್ಲಿ ನೋಡ್ಲಾ? ಕೊಳ್ಳೋರು ಸಿಕ್ಕರೆ ಕಳಿಸ್ತೀನಿ.”

ಆಸೆಗೆ ಬಿದ್ದ ಶೆಟ್ಟರು ತೆಗೆದುಕೊಟ್ಟರು. ಗೌರಮ್ಮ ಎರಡನ್ನೂ ಬೊಗಸೆಯಲ್ಲಿ ಕವಡೆಯಂತೆ ಕುಲುಕಿ ಅವರ ಮುಂದೆ ಸುರಿದಳು.

“ಬೇಗ ಶೆಟ್ರೇ, ಹೊತ್ತಾಯ್ತು. ಪಟಿನಾ ಇರೋದು ನೀವಿಟ್ಕೊಳ್ಳಿ. ಕಪ್ಪು ಹಿಡಿದಿರೋದು ನನಗೆ ಕೊಡಿ.”

ಶೆಟ್ಟರು ಭೂತಗನ್ನಡಿ ಹಿಡಿದು ಅದನ್ನು ನೋಡಿದರು, ಇದನ್ನು ನೋಡಿದರು. ಒಂದೇ ರಾಜನ ತಲೆ, ಒಂದೇ ಇಸವಿ, ಒಂದೇ ಕಪ್ಪು. ತಮ್ಮದು ಯಾವುದೆಂದು ಗುರುತೇ ಸಿಗಲಿಲ್ಲ.

ಕೊನೆಗೆ ಎರಡನ್ನೂ ಮಖಮಲ್ಲಿನ ಮೇಲಿಟ್ಟು, ಗಲ್ಲಾಪೆಟ್ಟಿಗೆ ತೆರೆದು ಮೆಲ್ಲಗೆ ಕೇಳಿದರು:

“ನಿನ್ನ ಪಟಿನಾಗೆ ಎಷ್ಟು ಕೊಡಲಿ, ತಾಯಿ?”