ರಾಣಿಕೋಣೆ ಕೊಯ್ದವನು

"ಮಾವ, ರಾಣಿಜೇನಿಗೂ ಆಳುಜೇನಿಗೂ ಡಿಎನ್‌ಎ ಒಂದೇ ಅಂತೀರಿ. ಮತ್ತೆ ಒಬ್ಬಳು ರಾಣಿ, ಉಳಿದವರು ಆಳು ಆಗುವುದು ಹೇಗೆ? ಆಳಾದವಳು ಆಮೇಲಾದರೂ ರಾಣಿಯಾಗಬಹುದೇ?"

ಕೇಳಿದವಳು ದೇವಕ್ಕಿ, ನನ್ನ ಬಳಿ ಜೇನುಸಾಕಣೆ ಕಲಿಯುವವಳು. ಕೇಳಿದ್ದು ಸರಿಯಾದ ಮನುಷ್ಯನನ್ನೇ. ಏಳು ಹೋಬಳಿಯ ಜೇನುಗಳು ದಾರಿ ತಪ್ಪಿದರೆ ವಿಳಾಸ ವಿಚಾರಿಸುವುದು ನನ್ನಲ್ಲೇ.

"ಒಂದು ಕತೆ ಹೇಳುತ್ತೇನೆ. ನನ್ನ ಮೀಸೆಯಾಣೆ, ಅಕ್ಷರ ಅಕ್ಷರವೂ ನಿಜ," ಎಂದೆ.

"ಮೀಸೆ ಬೋಳಿಸಿ ಎಂಟು ವರ್ಷವಾಯಿತಲ್ಲ ಮಾವ?"

"ಆಣೆ ಅದಕ್ಕಿಂತ ಹಳೆಯದು. ಕೇಳು. ಡಿಎನ್‌ಎ ಎಂಬುದು ವಂಶದ ಓಲೆ. ಅಕ್ಷರ ಬದಲಾಗುವುದಿಲ್ಲ. ಆದರೆ ಅಕ್ಷರದ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ಗುರುತು ಬೀಳುತ್ತದೆ. ಯಾವ ಸಾಲನ್ನು ಹೇಗೆ ಓದಬೇಕು ಎಂಬುದರಲ್ಲಿ ಆ ಗುರುತಿಗೂ ಪಾಲಿದೆ. ಬೆನ್ನೆಲುಬಿಲ್ಲದ ಜೀವಿಗಳಲ್ಲಿ ಸಿಂಪಿ ಈ ಪದ್ಧತಿಯನ್ನು ಉಳಿಸಿಕೊಂಡಿತು, ಜೇನೂ ಉಳಿಸಿಕೊಂಡಿತು. ನೊಣ ಎಂದೋ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತು. ಆದರೂ ನನ್ನ ಊಟದೆಲೆಯನ್ನು ಮಾತ್ರ ಬಿಟ್ಟಿಲ್ಲ. ಜೇನಿನ ಮರಿಹುಳಕ್ಕೆ ಸುಮಾರು ಮೂರು ದಿನದವರೆಗೆ ಎರಡು ದಾರಿಯೂ ತೆರೆದಿರುತ್ತವೆ. ರಾಜಶಾಹಿ ರಸವನ್ನೇ ಉಣಿಸುತ್ತ ಹೋದರೆ ಗುರುತು ಒಂದು ಬಗೆ, ಅವಳು ರಾಣಿ. ಸಾದಾ ಊಟಕ್ಕೆ ಇಳಿಸಿದರೆ ಇನ್ನೊಂದು ಬಗೆ, ಅವಳು ಆಳು. ಆಮೇಲೆ ಹಿಂದಿರುಗುವ ದಾರಿಯಿಲ್ಲ.

"ಒಬ್ಬ ಜೇನುಗಾರನಿದ್ದ. ಒಂದು ವರ್ಷ ಮರಿಗಳಿಗೆ ರೋಗ ಬಂದು ಸುತ್ತಿನ ಗೂಡುಗಳೆಲ್ಲ ಬರಿದಾದವು. ನನ್ನ ನಲವತ್ತು ಪೆಟ್ಟಿಗೆಯೂ ಹೋದವು. ಅವನದೊಂದೇ ತಡೆದುಕೊಂಡಿತು. ಆ ತಳಿ ಉಳಿದರೆ ಊರಿಗೆ ಮತ್ತೆ ಜೇನು.

"ಒಂದು ದಿನ ಅವನು ಪೆಟ್ಟಿಗೆ ತೆರೆದಾಗ ರಾಣಿಮರಿಯನ್ನು ಬೆಳೆಸಲು ಆಳುಗಳು ಕಟ್ಟುವ ರಾಣಿಕೋಣೆಗಳು ಕಂಡವು. ಹೊಸ ರಾಣಿ ಬಂದರೆ ಸಂಸಾರ ಎರಡಾಗಿ ಅರ್ಧ ಹಾರಿಹೋಗುತ್ತದೆ ಎಂದು ನಾವು ಅವನ್ನು ಕೊಯ್ದುಹಾಕುವುದುಂಟು. ಅವನೂ ಕೊಯ್ದ. ಮರುದಿನ ಮತ್ತೆ ಕಟ್ಟಿದ್ದವು. ಮತ್ತೆ ಕೊಯ್ದ. 'ನಿಮಗಿಷ್ಟು ಹಟವೇ?' ಎಂದ. ಐದು ದಿನ ಕೊಯ್ದ. ಯಾರನ್ನೂ ಕೇಳಲಿಲ್ಲ. ಆರನೆಯ ದಿನ ಅವು ಕಟ್ಟಲಿಲ್ಲ. ಗೆದ್ದೆ ಎಂದುಕೊಂಡ.

"ಹಳೆಯ ರಾಣಿ ಮೊದಲೇ ಸತ್ತಿದ್ದಳು, ದೇವಕ್ಕಿ. ಅವು ಹಾರಿಹೋಗಲು ಕಟ್ಟಿದ್ದಲ್ಲ, ಬದುಕಲು ಕಟ್ಟಿದ್ದು. ಅಷ್ಟರಲ್ಲಿ ಕೊನೆಯ ಮರಿಗೂ ಮೂರು ದಿನ ದಾಟಿತ್ತು. ಪ್ರತಿಯೊಂದು ಹುಳದ ಓಲೆಯಲ್ಲಿಯೂ ರಾಣಿ ಇದ್ದಳು. ಓದುವ ಹೊತ್ತು ಮೀರಿತ್ತು. ಎರಡು ತಿಂಗಳಿಗೆ ಪೆಟ್ಟಿಗೆ ಬರಿದಾಯಿತು. ಅವನು ಮತ್ತೆ ಜೇನು ಸಾಕಲಿಲ್ಲ."

ದೇವಕ್ಕಿಗೆ ಸಿಟ್ಟು ಬಂತು.

"ಎಂಥ ಮೊಂಡ ಮನುಷ್ಯ! ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತೇ? ಎಲ್ಲ ಬಲ್ಲ ನೀವು ಪಕ್ಕದಲ್ಲೇ ಇದ್ದಿರಲ್ಲ!"

"ಯಾರನ್ನೂ ಕೇಳಲಿಲ್ಲ ಎಂದೆನಲ್ಲ, ಅದೊಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು, ಮಗಳೇ, ಎರಡನೆಯ ದಿನವೇ ಅವನು ನನ್ನ ಜಗಲಿಗೆ ಬಂದಿದ್ದ, ನಾನು ನಾಲ್ಕು ಜನರಿಗೆ ಕತೆ ಹೇಳುತ್ತಿದ್ದೆ, ಮುಖವನ್ನೂ ತಿರುಗಿಸದೆ 'ಕೊಯ್ದುಹಾಕಯ್ಯ' ಎಂದೆ."