ಸುದ್ದಿ ಕಾಟಯ್ಯ ಹೇಳಿದ ಒಂದೇ ಸುಳ್ಳು

ಬಲು ಹಿಂದಿನ ಮಾತು, ಒಂದು ಊರಿನ ಮಾತು. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ನಾನು ನಮ್ಮಜ್ಜಿಯನ್ನು ಕೇಳಿದ್ದೆ, ಅವಳು ತನ್ನಜ್ಜಿಯನ್ನು ಕೇಳಿದ್ದಳಂತೆ, ಇಬ್ಬರಿಗೂ ಸಿಕ್ಕ ಉತ್ತರ ‘ಸುಮ್ಮನೆ ಕೇಳು’ ಅಂತ. ಊರಿನ ಹೆಸರು ಕಣಿವೆಹಳ್ಳಿ. ಅಲ್ಲಿ ಕಣಿವೆ ಸಿದ್ಧಪ್ಪ ಎಂಬ ದೇವರು, ಆ ದೇವರಿಗೆ ಒಂದು ಪೂಜಾರಿ ಮನೆ.

ಸಿದ್ಧಪ್ಪ ಕರೆದ ಕಡೆಗೆಲ್ಲ ಹೋಗುವ ದೇವರಂತೆ. ಯಾವುದಾದರೂ ಊರವರು ಬಂದು, ನಮ್ಮಲ್ಲೂ ನೆಲೆಸಪ್ಪ ಎಂದು ಅಡ್ಡಬಿದ್ದರೆ ಗುಡಿಯಿಂದ ಒಂದು ಕಲ್ಲು ಕೊಡುವುದು. ಕಲ್ಲಿನ ಜೊತೆಗೆ ಮನೆಯ ಒಬ್ಬ ಮಗನನ್ನೂ ಕೊಡುವುದು. ಬೇರೆ ಕೈ ಆ ದೇವರ ಮೈ ಮುಟ್ಟಬಾರದು ಎಂದು ಕಟ್ಟಳೆ. ಹೀಗೆ ಕೊಟ್ಟು ಕೊಟ್ಟು ಒಂದು ಮನೆ ಏಳು ಮನೆಯಾಯಿತು. ಕೊನೆಯ ಮನೆ ತೊರೆಗಡ್ಡೆ ಎಂಬ ಊರಿನಲ್ಲಿ, ನೆಟ್ಟಗೆ ನಡೆದರೆ ನಾಲ್ಕು ಹಗಲಿನ ದಾರಿ. ದೂರ ಇದ್ದಮೇಲೆ ಏನಾಗುತ್ತದೆ, ನಿಮಗೇ ಗೊತ್ತು. ಮೊದಲ ತಲೆ ಹಬ್ಬಕ್ಕೆ ಬರುತ್ತದೆ, ಎರಡನೇ ತಲೆ ಮದುವೆಗೆ ಬರುತ್ತದೆ, ಮೂರನೇ ತಲೆಗೆ ದಾರಿಯೇ ಗೊತ್ತಿರುವುದಿಲ್ಲ.

ಆದರೂ ಏಳು ಮನೆಗೂ ಒಂದು ಗಂಟು ಉಳಿದಿತ್ತು. ಅದು ಸೂತಕದ ಗಂಟು. ಏಳರಲ್ಲಿ ಯಾವ ಮನೆಯಲ್ಲಿ ಸಾವಾದರೂ ಏಳೂ ಮನೆಯವರು ಮೀಯಬೇಕು, ಹನ್ನೊಂದು ದಿನ ದೇವರನ್ನು ಮುಟ್ಟಬಾರದು. ಊರ ಗೌಡ ಹೊರಗಿನಿಂದಲೇ ದೀಪ ಹಚ್ಚಿಡಬೇಕು. ಗೊತ್ತಿಲ್ಲದೆ ಮುಟ್ಟಿದರೂ ತಪ್ಪು ತಪ್ಪೇ. ಅದಕ್ಕೇ ಆ ಪೂಜಾರಿಗಳಿಗೆ ಸದಾ ಒಂದು ದಿಗಿಲು. ಕೈಯಲ್ಲಿ ಹೂವು ಹಿಡಿದು ಗರ್ಭಗುಡಿಯ ಬಾಗಿಲಲ್ಲಿ ನಿಂತವರು, ಈಗ ಎಲ್ಲಿ ಯಾರು ಹೋಗಿದ್ದಾರೋ, ಸುದ್ದಿ ದಾರಿಯಲ್ಲಿ ಇದೆಯೋ ಏನೋ ಎಂದು ಒಮ್ಮೆ ರಸ್ತೆ ನೋಡಿ ಆಮೇಲೆ ಒಳಗೆ ಕಾಲಿಡುತ್ತಿದ್ದರಂತೆ.

ಆ ರಸ್ತೆಯಲ್ಲಿ ಬರುತ್ತಿದ್ದವನೇ ಕಾಟಯ್ಯ. ಅವನ ಅಪ್ಪ ಸುದ್ದಿ ಒಯ್ಯುತ್ತಿದ್ದ, ಅಪ್ಪನ ಅಪ್ಪನೂ ಒಯ್ಯುತ್ತಿದ್ದ. ಕಾಟಯ್ಯ ಆ ಮನೆಯವನಲ್ಲ, ಆ ಜಾತಿಯವನೂ ಅಲ್ಲ, ಊರಾಚೆಯ ಹಟ್ಟಿಯವನು. ಏಳು ಮನೆಯ ಒಂದು ಹೊಸ್ತಿಲನ್ನೂ ತುಳಿದವನಲ್ಲ. ಸಾವಿನ ಗುರುತಾಗಿ ಕೋಲು ತಲೆಕೆಳಗು ಹಿಡಿದು ಬೇಲಿಯಾಚೆ ನಿಲ್ಲುತ್ತಿದ್ದ, ಅಷ್ಟೇ. ಅವನನ್ನು ಕಂಡರೆ ತಾಯಂದಿರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಬಾವಿಕಟ್ಟೆಯ ಹೆಂಗಸರು ಕೊಡ ಅಲ್ಲೇ ಬಿಟ್ಟು ಮನೆಗೆ ಓಡುತ್ತಿದ್ದರು. ಅವನ ನೆನಪಿನಲ್ಲಿ ಏಳು ಮನೆಯ ಎಲ್ಲರೂ ಇದ್ದರಂತೆ, ಹುಟ್ಟಿದವರು, ಸತ್ತವರು, ಹುಟ್ಟುತ್ತಲೇ ಸತ್ತವರು ಕೂಡ. ಆ ಮನೆಯವರಿಗೇ ಅಷ್ಟು ಗೊತ್ತಿರಲಿಲ್ಲ. ಅವನ ಬಾಯಲ್ಲಿ ಬಂದ ಸಾವು ಸುಳ್ಳಾದದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಒಳ್ಳೆಯ ಮಾತೇ, ಆದರೆ ಆ ಮಾತೇ ಒಂದು ದಿನ ಅವನ ಕುತ್ತಿಗೆಗೆ ಬಂತು.

ಕಣಿವೆಹಳ್ಳಿಯ ಹಿರೀ ಮನೆಯಲ್ಲಿ ಮುದ್ದವ್ವ ಎಂಬ ಮುದುಕಿ ಇದ್ದಳು. ಏಳು ಮನೆಗೂ ಅವಳೇ ಹಿರಿಯಳು. ತೊಂಬತ್ತು ದಾಟಿತ್ತು ಅನ್ನುತ್ತಾರೆ. ಒಂದು ದಿನ ಅಂಗಳದಲ್ಲಿ ಹುರುಳಿ ಹರವುತ್ತ ಕೂತಿದ್ದಾಗ ಒಂದು ಕಾಗೆ ಬಂದು ಅವಳ ತಲೆಯ ಮೇಲೆ ಕೂತು, ಕುಟುಕಿ, ಹಾರಿ ಹೋಯಿತು.

ಕಾಗೆ ಮುಟ್ಟಿದರೆ ಏನೆಂದು ನಿಮಗೆ ನಾನು ಹೇಳಬೇಕೆ? ಅದು ಮೇಲಿನವನ ಕರೆ. ಅದಕ್ಕೆ ಪರಿಹಾರ ಒಂದೇ. ಆ ಮನುಷ್ಯ ಸತ್ತನೆಂದು ನಂಟರಿಗೆಲ್ಲ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವೆಂದು ನಂಬಿ ಅಳಬೇಕು. ಕಣ್ಣೀರು ನೆಲಕ್ಕೆ ಬಿದ್ದರೆ, ಸಾವು ಆಗಿಹೋಯಿತೆಂದು ಯಮ ತಿರುಗಿ ಹೋಗುತ್ತಾನೆ. ಬಿದ್ದ ಮೇಲೆ ನಿಜ ಹೇಳಬಹುದು, ಬೀಳುವ ಮೊದಲು ಬಾಯಿ ಬಿಡುವಂತಿಲ್ಲ. ಊರ ಹಿರಿಯರು ಲೆಕ್ಕ ಹಾಕಿ, ಉಳಿದ ಆರೂ ಮನೆಯಲ್ಲಿ ಕಣ್ಣೀರು ಬೀಳಬೇಕು, ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಬೀಳಬೇಕು, ಒಂದು ಮನೆ ತಪ್ಪಿದರೂ ಮುದುಕಿ ಉಳಿಯುವುದಿಲ್ಲ ಎಂದರು. ಅಮಾವಾಸ್ಯೆಗೆ ಏಳೇ ದಿನ ಇತ್ತು. ಆರು ಮನೆಗೂ ಸುತ್ತಿ ಹೋಗಲು ಬೇಕಾದದ್ದೂ ಏಳೇ ದಿನ.

ಮುದ್ದವ್ವನ ಮಗ ಬೊಮ್ಮಪ್ಪ ಹಟ್ಟಿಗೆ ಓಡಿ ಕಾಟಯ್ಯನನ್ನು ಕರೆತಂದ. ಕಾಟಯ್ಯ ಒಲ್ಲೆ ಎಂದನಂತೆ. ಅವನಿಗೆ ನಡೆಯುವ ಭಯವಿರಲಿಲ್ಲ, ತನ್ನ ನಾಲಿಗೆಯ ಭಯವಿತ್ತು. ಇಷ್ಟು ವರ್ಷ ಹೇಳಿದ್ದೆಲ್ಲ ನಿಜವಾದ ನಾಲಿಗೆ, ಇದೊಂದನ್ನು ಹೇಗೆ ಸುಳ್ಳು ಮಾಡೀತು? ನಾನು ಸತ್ತಳು ಅಂದರೆ ಇಲ್ಲಿ ಸತ್ತೇ ಹೋದರೆ? ಆಗ ಮುದುಕಿ ಜಗಲಿಯ ಮೇಲಿಂದಲೇ ಅಂದಳಂತೆ:

“ಹೋಗ್ ಬಾರ್ಲಾ ಕಾಟಯ್ಯ. ನಾ ಸತ್ರೆ ಅಳಾರು ಎಷ್ಟ್ ಮನೇಲೈದಾರೆ, ನಂಗೂ ತಿಳೀಲಿ.”

ಕಾಟಯ್ಯ ಹೊರಟ. ಮೊದಲ ಮನೆಯಲ್ಲಿ ಅವನು ಹೆಸರು ಹೇಳಿ ಮುಗಿಸುವುದರೊಳಗೆ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಆಮೇಲೆ ನಿಜ ಹೇಳಿದಾಗ ಒಬ್ಬಳು ಪೊರಕೆ ಎಸೆದಳು, ಇನ್ನೊಬ್ಬಳು ರೊಟ್ಟಿ ಕಟ್ಟಿಕೊಟ್ಟಳು. ಎರಡನೆಯದರಲ್ಲಿ, ಮೂರನೆಯದರಲ್ಲಿ ಹೀಗೇ ಆಯಿತು. ನಾಲ್ಕನೇ ಮನೆಯವರಿಗೂ ಹಿರೀ ಮನೆಯವರಿಗೂ ದೇವರ ಬೆಳ್ಳಿ ಮುಖವಾಡದ ಮೇಲೆ ಹಳೆಯ ಜಗಳ. ಮುಖ ಗಂಟಿಕ್ಕಿಕೊಂಡೇ ಕೇಳಿದರು. ಆದರೆ ಆ ಮನೆಯ ಯಜಮಾನ ಸ್ನಾನಕ್ಕೆಂದು ಹಿತ್ತಲಿಗೆ ಹೋದವನು ಬಾನಿಯ ಮುಂದೆ ಕೂತು ಬಿಕ್ಕುತ್ತಿದ್ದದ್ದು ಕಾಟಯ್ಯನಿಗೆ ಬೇಲಿಯ ಸಂದಿಯಲ್ಲಿ ಕಂಡಿತು. ಅವನಿಗೆ ಅಷ್ಟು ಸಾಕಾಗಿತ್ತು. ಐದನೇ ಮನೆಯಲ್ಲೂ ಅತ್ತರು.

ಕಾಟಯ್ಯನಿಗೆ ಮಾತ್ರ ನಿದ್ದೆಯಿಲ್ಲ, ಊಟ ಸೇರದು. ಐದು ಸಲ ಹೇಳಿಯಾಯಿತು, ಐದು ಸಲ ಕೊಂದಂತಾಯಿತು ಎಂದು ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತಿದ್ದ. ದಾರಿಯಲ್ಲಿ ಕಾಗೆ ಕೂಗಿದರೆ ನಿಂತುಬಿಡುತ್ತಿದ್ದ. ಹಿಂದಿನಿಂದ ಯಾರಾದರೂ ಬೇಗ ಬೇಗ ಬರುವ ಸಪ್ಪಳವಾದರೆ, ಊರಿಂದ ನಿಜದ ಸುದ್ದಿಯೇ ಬಂತೇನೋ ಎಂದು ತಿರುಗಿ ತಿರುಗಿ ನೋಡುತ್ತಿದ್ದ.

ಅಮಾವಾಸ್ಯೆಯ ದಿನ ಹೊತ್ತು ಇಳಿಯುವಾಗ ತೊರೆಗಡ್ಡೆ ಮುಟ್ಟಿದ. ಆ ಮನೆಯ ಪೂಜಾರಿ ಮೈಲಾರಿ ಎಂಬ ಹುಡುಗುಪ್ರಾಯದವನು. ಅಪ್ಪನೂ ಇಲ್ಲ, ತಾತನೂ ಇಲ್ಲ. ಮನೆಯಲ್ಲಿ ಅವನು, ಹೆಂಡತಿ ತಿಪ್ಪಮ್ಮ, ಅವಳ ತೊಡೆಯ ಮೇಲೆ ಮೂರು ತಿಂಗಳ ಕೂಸು. ಕಾಟಯ್ಯ ಬೇಲಿಯಾಚೆ ಕೋಲು ತಲೆಕೆಳಗು ಹಿಡಿದು ನಿಂತು ಸುದ್ದಿ ಹೇಳಿದ. ಮೈಲಾರಿ ಗುಡಿಯ ಬೀಗದ ಕೈ ಗೌಡನ ಮನೆಗೆ ಕಳಿಸಿದ, ನೀರು ಸೇದಿ ತಲೆಗೆ ಹೊಯ್ದುಕೊಂಡ, ಕಟ್ಟಳೆಯಲ್ಲಿ ಒಂದನ್ನೂ ತಪ್ಪಿಸಲಿಲ್ಲ. ತಲೆ ಒರೆಸಿಕೊಳ್ಳುತ್ತ ಬಂದು ಕೇಳಿದ:

“ಮುದ್ದವ್ವ ಅಂದ್ರೆ ಯಾರು?”

ಗೊತ್ತಿಲ್ಲದವರ ಸಾವಿಗೆ ಮೀಯಬಹುದು, ಅಳುವುದು ಹೇಗೆ? ಹೊತ್ತು ಗುಡ್ಡದ ನೆತ್ತಿಗೆ ಬಂದಿತ್ತು. ಸುಳ್ಳೆಂದು ಹೇಳುವಂತಿಲ್ಲ, ಅಳಿ ಎಂದು ಕೇಳುವಂತಿಲ್ಲ. ಒಣಗಿದ ಕಣ್ಣಿನ ಆ ಇಬ್ಬರನ್ನು ನೋಡಿ ಅವನಿಗೆ ಮುದುಕಿ ಈಗಲೇ ಹೋದಳೇನೋ ಅನ್ನಿಸಿತಂತೆ. ಕೋಲು ಕೆಳಗಿಟ್ಟ, ಬೇಲಿಯಾಚೆಯ ಮಣ್ಣಿನಲ್ಲೇ ಕೂತ. ಸುದ್ದಿ ಹೇಳಿದ ಮೇಲೆ ಅವನು ಕೂತದ್ದು ಅದೇ ಮೊದಲು. ಕೂತು, ಗೊತ್ತಿದ್ದದ್ದನ್ನು ಹೇಳತೊಡಗಿದ.

ನಿಮ್ಮ ತಾತ ಈ ಮನೆಯಲ್ಲಿ ಹುಟ್ಟಿದ ದಿನವೇ ಅವನ ತಾಯಿ ತೀರಿಹೋದಳು ಎಂದ. ನಮ್ಮಪ್ಪ ಹಿರೀ ಮನೆಗೆ ಸಾವಿನ ಸುದ್ದಿ ಒಯ್ದು, ಕೂಸಿಗೆ ಹಾಲಿಲ್ಲ ಎಂದೂ ಹೇಳಿದ. ಆಗ ಮುದ್ದವ್ವನಿಗೆ ಇಪ್ಪತ್ತೋ ಇಪ್ಪತ್ತೊಂದೋ. ಚೊಚ್ಚಲ ಬಾಣಂತನ, ಮಗುವಿಗೆ ಐದು ತಿಂಗಳು. ತನ್ನ ಮಗುವನ್ನು ಅತ್ತೆಗೆ ಒಪ್ಪಿಸಿ, ಮೇಕೆ ಹಾಲಾದರೂ ಕುಡಿದೀತು ಎಂದು ಬಿಟ್ಟು, ನಾಲ್ಕು ಹಗಲು ನಡೆದು ಈ ಅಂಗಳಕ್ಕೆ ಬಂದಳು. ದಾರಿಯಲ್ಲಿ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ನಿಮ್ಮ ತಾತನಿಗೆ ಆ ತೊಲೆಯ ಕೆಳಗೆ ಕೂತು ಹಾಲು ಕೊಟ್ಟಳು. ಎರಡು ತಿಂಗಳಾದ ಮೇಲೆ ನಮ್ಮಪ್ಪ ಮತ್ತೆ ಬಂದು ಇದೇ ಜಾಗದಲ್ಲಿ, ಕೋಲು ಹೀಗೇ ಹಿಡಿದು ನಿಂತ. ಹೋದದ್ದು ಅವಳ ಮಗು.

ಇಲ್ಲಿಗೆ ಬಂದಾಗ ಕಾಟಯ್ಯ ಆ ತೊಲೆಯ ಕಡೆ ನೋಡಿದನಂತೆ. ನಮ್ಮಜ್ಜಿಯೂ ಇಲ್ಲಿ ನಮ್ಮ ಮನೆಯ ತೊಲೆ ನೋಡುತ್ತಿದ್ದಳು.

ಅವಳು ತೊರೆಗೆ ನಡೆದಳು ಎಂದ ಕಾಟಯ್ಯ. ಮಿಂದು ಬಂದಳು. ಒದ್ದೆ ಸೀರೆಯಲ್ಲೇ ಕೂತು, ಅಳುತ್ತಿದ್ದ ನಿಮ್ಮ ತಾತನನ್ನು ಎತ್ತಿಕೊಂಡಳು. ಇನ್ನೂ ಒಂದು ವರ್ಷ ಹಾಲು ಕೊಟ್ಟು, ಅವನು ನಡೆಯಲು ಕಲಿತ ಮೇಲೆ ಊರಿಗೆ ಹೋದಳು. ಮುದ್ದವ್ವ ಅಂದರೆ ಅವಳು.

ತಿಪ್ಪಮ್ಮ ಆ ರಕ್ತದವಳಲ್ಲ, ಹೊರಗಿನಿಂದ ಬಂದ ಸೊಸೆ. ಕೇಳುತ್ತ ಕೇಳುತ್ತ ಕೂಸನ್ನು ಬಿಗಿಯಾಗಿ ಅವುಚಿಕೊಂಡಿದ್ದಳು. ಅವಳ ರವಿಕೆ ಹಾಲಿನಿಂದ ಒದ್ದೆಯಾಯಿತು, ಆಮೇಲೆ ಕಣ್ಣು ಒದ್ದೆಯಾಯಿತು, ಆಮೇಲೆ ಅವಳು ತಡೆಯಲಾರದೆ ಗೊಳೋ ಎಂದಳು. ಅವಳನ್ನು ನೋಡಿ ಮೈಲಾರಿಯೂ ಅತ್ತ. ಕಣ್ಣೀರು ನೆಲಕ್ಕೆ ಬಿದ್ದಾಗ ಹೊತ್ತು ಇನ್ನೂ ಒಂದು ಬೆರಳಿನಷ್ಟಿತ್ತು ಎಂದು ಕೆಲವರು ಹೇಳುತ್ತಾರೆ. ಮುಳುಗಿತ್ತು ಎಂದು ಕೆಲವರು. ಕಾಟಯ್ಯನೂ ಅಳುತ್ತಿದ್ದ, ಅವನಿಗೆ ಗುಡ್ಡ ಕಾಣಲಿಲ್ಲ.

ನಿಜ ಹೇಳಿದ. ನಾನು ಬಿಟ್ಟಾಗ ಇದ್ದಳು, ಈಗ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಸ್ವಾಮಿ, ಎಂದ. ಮೈಲಾರಿ ಬಯ್ಯಲಿಲ್ಲ. ಕೂಸನ್ನು ಕಟ್ಟಿಕೊ ಎಂದು ಹೆಂಡತಿಗೆ ಹೇಳಿದ. ಮಾರನೆಯ ದಿನ ಬೆಳಗಾಗುತ್ತಲೇ ಮೂವರೂ ಹೊರಟರು, ಕೂಸು ಸೇರಿ ನಾಲ್ವರು.

ನಾಲ್ಕು ಹಗಲು ನಡೆದರಂತೆ. ಎದುರು ಬಂದ ದಾರಿಹೋಕರನ್ನು ಕಣಿವೆಹಳ್ಳಿಯ ಸುದ್ದಿ ಏನೆಂದು ಕೇಳಲು ಮೈಲಾರಿಗೆ ಆಸೆ, ಕೇಳಲು ಕಾಟಯ್ಯನಿಗೆ ಹೆದರಿಕೆ. ನಾಲ್ಕನೇ ದಿನ ಕಣಿವೆ ದಾಟಿ ಊರು ಕಂಡಿತು. ಹಿರೀ ಮನೆಯ ಮುಂದೆ ಜನವೋ ಜನ. ಅಂಗಳ ತುಂಬಿ ಬೀದಿಗೆ ಬಂದಿದ್ದರು. ದೊಡ್ಡ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಕಾಟಯ್ಯ ಅದನ್ನು ನೋಡಿ ದಾರಿಯ ನಡುವೆ ಕುಸಿದು ಕೂತ. ನನ್ನ ನಾಲಿಗೆ ಅವಳನ್ನು ತಿಂದಿತು ಎಂದು ಮಣ್ಣು ಬಾಚಿ ತಲೆಗೆ ಹಾಕಿಕೊಂಡ.

ಮೈಲಾರಿಯೇ ಮುಂದೆ ಹೋದ. ಹೋಗಿ ನೋಡಿದರೆ ಅದು ಸಾವಿಗೆ ಬಂದ ಜನವಲ್ಲ. ಐದು ಮನೆಯವರೂ, ಬದುಕಿರುವವಳಿಗೆ ಅತ್ತುಬಿಟ್ಟೆವಲ್ಲ, ಒಂದು ಸಲ ಮುಖ ನೋಡಿ ಬರೋಣ ಎಂದು, ಒಬ್ಬರಿಗೊಬ್ಬರು ಹೇಳದೆ ತಾವು ತಾವೇ ಹೊರಟು ಬಂದಿದ್ದರು. ನಾಲ್ಕನೇ ಮನೆಯವರು ಬೆಳ್ಳಿ ಮುಖವಾಡವನ್ನೂ ತಂದಿದ್ದರು, ಜಗಳ ಮುಂದುವರಿಸುವುದಕ್ಕೋ ಕೊಡುವುದಕ್ಕೋ, ಅದು ಅವರಿಗೇ ಗೊತ್ತು. ನಡುವೆ ಮುದ್ದವ್ವ ಕೂತಿದ್ದಳು. ತಿಪ್ಪಮ್ಮ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ತೊರೆಗಡ್ಡೆಯದು ಎಂದು ಯಾರೋ ಹೇಳಿದರು. ಮುದುಕಿ ಕೂಸಿನ ಕಾಲನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳಂತೆ. ಆಮೇಲೆ, ಸತ್ತ ಮೇಲೆ ಬರೋರೆಲ್ಲ ಮುಂಚೆಯೇ ಬಂದಿದ್ದೀರಿ, ಯಾರಾದರೂ ಆ ಕಾಗೆಗೆ ಒಂದು ತುತ್ತು ಅನ್ನ ಇಡಿ ಎಂದಳು.

ಅವಳು ಆಮೇಲೆ ಹನ್ನೆರಡು ವರ್ಷ ಇದ್ದಳು ಎನ್ನುತ್ತಾರೆ. ನಮ್ಮಜ್ಜಿ ನಾಲ್ಕು ಎನ್ನುತ್ತಿದ್ದಳು. ಎಷ್ಟಾದರೂ ಆಗಲಿ, ಕಾಟಯ್ಯನಿಗಿಂತ ಹೆಚ್ಚು ಬಾಳಿದಳು. ಒಂದು ಮಾಘದ ಅಮಾವಾಸ್ಯೆಯಲ್ಲಿ ಕಾಟಯ್ಯ ಹಟ್ಟಿಯಲ್ಲಿ ಕಣ್ಣು ಮುಚ್ಚಿದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಊರಿಗೆಲ್ಲ ಸುದ್ದಿ ಒಯ್ದವನ ಸುದ್ದಿ ಒಯ್ಯಲು ಯಾರೂ ಇರಲಿಲ್ಲ. ಒಯ್ಯಬೇಕು ಎಂದೂ ಯಾರಿಗೂ ಹೊಳೆಯಲಿಲ್ಲ. ಮುದ್ದವ್ವ ಕೇಳಿದವಳೇ ಒಂದು ಕೊಡ ನೀರು ತರಿಸಿದಳು. ಬೊಮ್ಮಪ್ಪ ತಡೆದ. ಅವನ ಸಾವಿಗೆ ನಮಗೆ ಸೂತಕ ಬರುವುದಿಲ್ಲ, ಅವ್ವ, ಎಂದ.

“ನಿಂಗಿಲ್ದಿದ್ರೆ ಬಿಡು,” ಎಂದಳು ಮುದ್ದವ್ವ. “ನಂಗೈತೆ.”

ತಲೆಯ ಮೇಲೆ ನೀರು ಸುರಿದುಕೊಂಡಳು. ಆಮೇಲೆ ಅವನೂ ಮಿಂದ. ಮಿಂದವನು ಗುಡಿಯ ಬೀಗದ ಕೈ ಗೌಡನಿಗೆ ಕೊಟ್ಟು, ಹಟ್ಟಿಗೆ ಹೋಗಿ ಕಾಟಯ್ಯನ ಕೋಲು ಕೇಳಿ ತೆಗೆದುಕೊಂಡು, ಮುಂದಿನ ಮನೆಗೆ ನಡೆದ. ಪೂಜಾರಿಯಾದವನು ಬೇಲಿಯಾಚೆ ನಿಂತು ಸಾವು ಹೇಳಿದ. ಆ ಮನೆಯವರು ಅದರಾಚೆಯ ಮನೆಗೆ ನಡೆದರು. ಹೀಗೆ ಆ ಕೋಲು ತೊರೆಗಡ್ಡೆಯವರೆಗೆ ಹೋಯಿತಂತೆ, ಏಳು ಗುಡಿಯಲ್ಲೂ ಹನ್ನೊಂದು ದಿನ ಗೌಡರೇ ದೀಪ ಹಚ್ಚಿದರಂತೆ.

ಈಗಲೂ ಮಾಘದ ಅಮಾವಾಸ್ಯೆಯ ದಿನ ಆ ಮನೆಗಳವರು ದೇವರನ್ನು ಮುಟ್ಟುವುದಿಲ್ಲ. ಒಂದು ಮನೆಯವರು ಮುಂದಿನ ಮನೆಗೆ ಹೋಗಿ, ಬೇಲಿಯಾಚೆ ನಿಂತು, ತಮ್ಮಲ್ಲಿ ಇರುವವರ ಹೆಸರನ್ನೆಲ್ಲ ಹೇಳಬೇಕು, ಹಾಲು ಕುಡಿಯುವ ಕೂಸಿನ ಹೆಸರಿನವರೆಗೆ. ಕೇಳಿಸಿಕೊಂಡ ಮೇಲೆ ಆ ಮನೆಯವರೆಲ್ಲ ತಲೆಗೆ ಸ್ನಾನ ಮಾಡುತ್ತಾರೆ. ಹೊಸದಾಗಿ ಬಂದ ಯಾವಳಾದರೂ ಸೊಸೆ, ಎಲ್ಲರೂ ಇದ್ದಾರೆ ಎಂದರಲ್ಲ, ಮತ್ತೆ ಈ ಸ್ನಾನ ಯಾರಿಗೆ ಎಂದು ಕೇಳುತ್ತಾಳೆ. ಅತ್ತೆಯಾದವಳು ಅವಳ ನೆತ್ತಿಗೆ ನೀರು ಹೊಯ್ಯುತ್ತ, ನಮ್ಮ ಮನೆಯವನೊಬ್ಬ ಹೋದ ಕಣಮ್ಮ ಎನ್ನುತ್ತಾಳೆ.